ಚೀಟಿಯಲ್ಲಿ ಎರಡು ಹೆಸರು, ಕುಂಡದಲ್ಲಿ ಒಂದೇ ಎಲ್ಮ್: ಒಂದು ಬೋನ್ಸಾಯ್ ರಿಪೇರಿ

ಮೊದಲು ನನ್ನ ಬೋನ್ಸಾಯ್, ಅಂದರೆ ಕುಂಡದಲ್ಲಿ ಕುಳ್ಳಗೆ ಬೆಳೆಸಿದ ಮರದ ಸ್ಥಿತಿ ಹೇಳಿಬಿಡುತ್ತೇನೆ. ಎತ್ತರ 38 ಸೆಂಟಿಮೀಟರ್. ಬುಡದ ಹತ್ತಿರ ಕಾಂಡ 4 ಸೆಂಟಿಮೀಟರ್‌ಗಿಂತ ಒಂಚೂರು ಜಾಸ್ತಿ ದಪ್ಪ. ನೀಲಿ ಹೊಳಪಿನ ಪಿಂಗಾಣಿ ಕುಂಡ, ಅದರಲ್ಲಿ ಚುಚ್ಚಿದ್ದ ಒಂದು ಪ್ಲಾಸ್ಟಿಕ್ ಚೀಟಿ. ಚೀಟಿಯಲ್ಲಿ ಎರಡು ಸಾಲು. ಮೇಲೆ ದೊಡ್ಡದಾಗಿ ‘ಚೈನೀಸ್ ಎಲ್ಮ್, ಮನೆಯೊಳಗಿನ ಬೋನ್ಸಾಯ್’, ಕೆಳಗೆ ಇರುವೆ ಸಾಲಿನ ಹಾಗೆ ‘ಉಲ್ಮಸ್ ಪ್ಯುಮಿಲಾ’. ಈ ಎರಡು ಸಾಲು ಒಂದಕ್ಕೊಂದು ಹೊಂದುವುದಿಲ್ಲ ಅಂತ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು, ಬಲಗಡೆಯ ಮೂರು ಕೊಂಬೆ ಸತ್ತಿದ್ದವು.

ಮನೆಯೊಳಗೆ ಅಂತ ಬರೆದಿದ್ದಕ್ಕೆ ಕಿಟಕಿ ಪಕ್ಕ ಇಟ್ಟಿದ್ದೆ. ಮೊದಲ ಬೇಸಿಗೆ ಚೆನ್ನಾಗಿಯೇ ಇತ್ತು. ಚಳಿಗಾಲ ಬಂತು, ಎಲೆಯೆಲ್ಲ ಹಳದಿಯಾಗಿ ಉದುರಿತು, ನಾನು ಗಾಬರಿಯಾಗಿ ಇನ್ನೂ ಬೆಚ್ಚಗಿನ ಜಾಗಕ್ಕೆ ತಂದಿಟ್ಟೆ. ಮೂರು ವಾರಕ್ಕೆ ಮತ್ತೆ ಚಿಗುರಿತು. ಆಹಾ, ಬದುಕಿತು ಅಂತ ಖುಷಿಪಟ್ಟೆ. ಆದರೆ ಆ ಚಿಗುರು ನೋಡಬೇಕಿತ್ತು ನೀವು: ಉದ್ದಕ್ಕೆ, ತೆಳ್ಳಗೆ, ಬಿಳಿಚಿಕೊಂಡು, ಎರಡು ಎಲೆಗಳ ನಡುವೆ ಬೆರಳುದ್ದ ಅಂತರ, ಜೊತೆಗೆ ಎಲೆ ಕೆಳಗೆ ಜೇಡನುಸಿಯ ನವಿರು ಬಲೆ. ಮಲಗಬೇಕಾದ ಮರವನ್ನು ಎಬ್ಬಿಸಿ ಕೂರಿಸಿದ್ದೆ ಅಷ್ಟೆ. ಎರಡನೇ ಚಳಿಗಾಲಕ್ಕೆ ಅದೇ ಆಟ ಮತ್ತೆ ನಡೆಯಿತು, ಈ ಸಲ ಬಲಗಡೆ ಚಿಗುರಲೇ ಇಲ್ಲ.

ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಸತ್ತ ಕೊಂಬೆಗಳಲ್ಲಿ ಒಳಗೆ ಕಂದು, ಪುಡಿಪುಡಿ. ಕಾಂಡದಲ್ಲಿ ಮತ್ತು ಎಡಗಡೆ ಹಸಿರು, ಒದ್ದೆ. ಅಂದರೆ ಜೀವ ಇದೆ. ರಿಪೇರಿ ಮಾಡೋಣ ಅಂತ ನಿರ್ಧರಿಸಿದ್ದು ಅವತ್ತು.

ಹೆಸರಿನ ಜಗಳ

ಔಷಧಿ ಕೊಡುವ ಮೊದಲು ರೋಗಿ ಯಾರು ಅಂತ ಗೊತ್ತಿರಬೇಕಲ್ವಾ? ಚೀಟಿಯ ಎರಡನೇ ಸಾಲನ್ನು ಅವತ್ತೇ ಮೊದಲ ಸಲ ಸರಿಯಾಗಿ ಓದಿದೆ.

ಬೋನ್ಸಾಯ್ ಮಾಡುವವರು ಚೈನೀಸ್ ಎಲ್ಮ್ ಅನ್ನುವ ಮರದ ವೈಜ್ಞಾನಿಕ ಹೆಸರು ಉಲ್ಮಸ್ ಪಾರ್ವಿಫೋಲಿಯಾ. ಜಾಕ್ವಿನ್ ಅನ್ನುವ ಸಸ್ಯವಿಜ್ಞಾನಿ 1798ರಲ್ಲಿ ಇಟ್ಟ ಹೆಸರು, ಅರ್ಥ ‘ಚಿಕ್ಕ ಎಲೆಯದು’. ಚೀನಾ, ಜಪಾನ್, ಕೊರಿಯಾ, ತೈವಾನ್, ವಿಯೆಟ್ನಾಂ ಕಡೆಯ ಮರ. ಉಲ್ಮಸ್ ಪ್ಯುಮಿಲಾ ಬೇರೆಯೇ ಮರ, ಅದಕ್ಕೆ ಸೈಬೀರಿಯನ್ ಎಲ್ಮ್ ಅಂತಾರೆ. ಇದು ಲಿನೇಯಸ್ ಅನ್ನುವ ಇನ್ನೊಬ್ಬ ಸಸ್ಯವಿಜ್ಞಾನಿ 1753ರಲ್ಲೇ ಇಟ್ಟ ಹೆಸರು. ಉಲ್ಮಸ್ ಅಂದರೆ ಲ್ಯಾಟಿನ್‌ನಲ್ಲಿ ಎಲ್ಮ್ ಮರ, ಪ್ಯುಮಿಲಾ ಅಂದರೆ ಕುಳ್ಳಿ. ತಮಾಷೆ ಏನು ಅಂದ್ರೆ, ಒಳ್ಳೆಯ ನೆಲ ಸಿಕ್ಕರೆ ಈ ಕುಳ್ಳಿ 20 ಮೀಟರ್ ಎತ್ತರಕ್ಕೆ ಹೋಗಿ ನಿಲ್ಲುತ್ತಾಳೆ. ಒಣ ಗಾಳಿ, ಬಡ ಮಣ್ಣು ಇರುವಲ್ಲಿ ಮಾತ್ರ ಪೊದೆಯ ಹಾಗೆ ಉಳಿಯುತ್ತಾಳೆ. ತವರು ಮಧ್ಯ ಏಷ್ಯಾ, ಮಂಗೋಲಿಯಾ, ಪೂರ್ವ ಸೈಬೀರಿಯಾ, ಕೊರಿಯಾ, ಮತ್ತೆ ಉತ್ತರ ಚೀನಾ. ಗೊಂದಲದ ಬೇರು ಇಲ್ಲೇ ಇದೆ. ಚೀನಾದಿಂದ ಬಂದ ಎಲ್ಮ್ ಅಂದರೆ ಎರಡೂ ಹೌದು. ಉತ್ತರ ಅಮೆರಿಕದಲ್ಲಂತೂ ಪ್ಯುಮಿಲಾವನ್ನೇ ಚೈನೀಸ್ ಎಲ್ಮ್ ಅಂತ ಕರೆದು ಮಾರಿದ ರೂಢಿ ತುಂಬಾ ಹಳೆಯದು. ಇದು ಸಾಲದು ಅಂತ ಕೆಲವು ಕಡೆ ಪಾರ್ವಿಫೋಲಿಯಾವನ್ನು ಝೆಲ್ಕೋವಾ ಅನ್ನುವ ಹೆಸರಲ್ಲಿ ಕೂಡ ಮಾರುತ್ತಾರೆ, ಅದೂ ಎಲ್ಮ್ ಕುಟುಂಬದ್ದೇ ಆದರೂ ಅದರ ಕುಲವೇ ಬೇರೆ.

ಯಾವ ಹೆಸರಾದರೆ ಏನು ಅಂತ ಕೇಳಬಹುದು. ವ್ಯತ್ಯಾಸ ಚಳಿಗಾಲದಲ್ಲಿದೆ. ಪಾರ್ವಿಫೋಲಿಯಾ ಬೆಚ್ಚಗಿನ ಜಾಗದಲ್ಲಿ ಅರ್ಧಂಬರ್ಧ ಎಲೆ ಉಳಿಸಿಕೊಂಡು ಚಳಿಗಾಲ ಕಳೆಯುತ್ತದೆ, ಅದಕ್ಕೇ ಅದನ್ನು ಮನೆಯೊಳಗಿನ ಬೋನ್ಸಾಯ್ ಅಂತ ಮಾರುವುದು. ಪ್ಯುಮಿಲಾಗೆ ಹಾಗಲ್ಲ. ಅದು ಪೂರ್ತಿ ಎಲೆ ಉದುರಿಸಿ, ಚಳಿಯಲ್ಲಿ ಕೆಲವು ತಿಂಗಳು ಸುಮ್ನೆ ನಿಲ್ಲಬೇಕು. ಮೈನಸ್ 30 ಡಿಗ್ರಿ ಚಳಿ ತಿಂದು ಬದುಕುವ ಮರ ಅದು. ಬರಗಾಲ, ಉಪ್ಪು ಮಣ್ಣು, ಗಾಳಿ ಎಲ್ಲ ತಡೆಯುತ್ತದೆ. 1930ರ ದಶಕದಲ್ಲಿ ಅಮೆರಿಕದ ಬಯಲು ಸೀಮೆಯಲ್ಲಿ ಧೂಳಿನ ಬಿರುಗಾಳಿ ಎದ್ದು ಹೊಲಗಳೇ ಹಾರಿಹೋಗುತ್ತಿದ್ದಾಗ ಗಾಳಿ ತಡೆಯಲು ಸಾಲಾಗಿ ನೆಟ್ಟ ಮರಗಳಲ್ಲಿ ಇದೂ ಒಂದು. ಅಂಥ ಮರವನ್ನು ನಾನು ಹೀಟರ್ ಪಕ್ಕ ಇಟ್ಟು ಸಾಕುತ್ತಿದ್ದೆ, ಚೀಟಿಯ ಎರಡನೇ ಸಾಲು ನಿಜವಾಗಿದ್ದರೆ.

ಆದರೆ ಅದು ನಿಜವೋ ಅಲ್ಲವೋ ಗೊತ್ತಿಲ್ಲ. ಮೊದಲ ಸಾಲನ್ನು ನಂಬಿ ಕೆಟ್ಟವನು ಎರಡನೇ ಸಾಲನ್ನು ಯಾಕೆ ನಂಬಬೇಕು?

ಬೇರು ಬಿಚ್ಚಿದ ದಿನ

ಕುಂಡ ಬದಲಿಸಲು ಒಳ್ಳೆಯ ಹೊತ್ತು ಮೊಗ್ಗು ಉಬ್ಬಲು ಶುರುವಾಗಿ ಇನ್ನೂ ಬಿರಿಯದೆ ಇರುವಾಗ. ಚಳಿಗಾಲದ ಕೊನೆ ವಾರಗಳಲ್ಲಿ ಕಾದು ಕೂತೆ. ನನ್ನ ಮರದ ಲೆಕ್ಕವೇ ತಪ್ಪಿಹೋಗಿದ್ದರಿಂದ ಮೊಗ್ಗು ಒಂದೊಂದು ಕೊಂಬೆಯಲ್ಲಿ ಒಂದೊಂದು ಥರ ಇತ್ತು. ಎಡಗಡೆಯದನ್ನು ನಂಬಿ ಶುರು ಮಾಡಿದೆ.

ಕುಂಡದಿಂದ ಎತ್ತಿದ ಕೂಡಲೇ ಹುಳಿ ವಾಸನೆ. ತಳದಲ್ಲಿ ಒಂದೇ ತೂತು, ಅದಕ್ಕೆ ಅಂಟು ಮಣ್ಣು ಬಿರಡೆಯ ಹಾಗೆ ಕೂತಿತ್ತು. ಮೇಲೆ ಅರ್ಧ ಇಂಚು ಒಣಗಿದ ಪಾಚಿ, ಕೆಳಗೆ ಕೆಸರು. ಮೇಲೆ ಒಣಗಿದೆ ಅಂತ ನಾನು ನೀರು ಹಾಕುತ್ತಲೇ ಇದ್ದೆ. ಊಟದ ಚಾಪ್‌ಸ್ಟಿಕ್ ಹಿಡಿದು ಹೊರಗಿನಿಂದ ಒಳಕ್ಕೆ ಬಿಡಿಸುತ್ತಾ ಹೋದೆ. ಎಲ್ಮ್ ಬೇರು ಮುಟ್ಟಿದವರಿಗೆ ಗೊತ್ತಿರುತ್ತದೆ, ದಪ್ಪ, ಮೆತ್ತಗೆ, ಸಿಪ್ಪೆ ಕಿತ್ತರೆ ಒಳಗೆ ಲೋಳೆ. ಆ ಲೋಳೆ ನೋಡಿ ಎಲ್ಲ ಕೊಳೆತಿದೆ ಅಂತ ಮೊದಲು ಅಂದುಕೊಂಡೆ. ಅಲ್ಲ, ಆರೋಗ್ಯವಾಗಿರುವ ಎಲ್ಮ್ ಬೇರೇ ಸ್ವಲ್ಪ ಲೋಳೆ. ಕೊಳೆತಿದ್ದು ಬೇರೆ ಥರ: ಕಪ್ಪು, ಎಳೆದರೆ ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಬರುತ್ತದೆ, ಒಳಗೆ ದಾರದಂಥ ನಾರು ಮಾತ್ರ ಉಳಿಯುತ್ತದೆ. ಇದು ಗೊತ್ತಾಗುವ ಮೊದಲೇ ಎರಡು ಒಳ್ಳೆಯ ಬೇರು ಕತ್ತರಿಸಿಬಿಟ್ಟಿದ್ದೆ, ಅದು ನನ್ನ ಆತುರ.

ಮರದ ಬಲಗಡೆಯ ಬೇರುಗಳೇ ಜಾಸ್ತಿ ಹೋಗಿದ್ದವು. ಸತ್ತ ಕೊಂಬೆಗಳೂ ಅದೇ ಕಡೆ. ಎಲ್ಲ ಕೊಳೆತದ್ದು ತೆಗೆದ ಮೇಲೆ ಅಂದಾಜು ಮೂರರಲ್ಲಿ ಎರಡು ಪಾಲು ಬೇರು ಉಳಿಯಿತು. ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಒದ್ದೆ ಬಟ್ಟೆ ಸುತ್ತಿ ಇಟ್ಟೆ. ಬೇರು ಗಾಳಿಗೆ ಒಣಗಲು ಹತ್ತು ನಿಮಿಷ ಸಾಕು, ಬಟ್ಟೆ ಮರೆಯಬೇಡಿ.

ಇನ್ನೊಂದು ಕಂಡಿದ್ದು ಕಾಂಡದ ಹಿಂಭಾಗದ ಹಳೇ ಗಾಯ. ಯಾರೋ ಯಾವಾಗಲೋ ದಪ್ಪ ಕೊಂಬೆ ಕಡಿದ ಜಾಗ, ಹೆಬ್ಬೆರಳ ಉಗುರಿನಷ್ಟು ತೂತು, ಒಳಗೆ ಮೆತ್ತಗಾದ ಮರ, ಅದರಿಂದ ಕೆಳಕ್ಕೆ ಇಳಿದ ಬಿಳಿ ಕಲೆ. ಎಲ್ಮ್‌ಗಳಲ್ಲಿ, ಅದರಲ್ಲೂ ಸೈಬೀರಿಯನ್ ಎಲ್ಮ್‌ನಲ್ಲಿ, ಇದು ಮಾಮೂಲು. ಬ್ಯಾಕ್ಟೀರಿಯಾ ಒಳಮರದಲ್ಲಿ ಸೇರಿಕೊಂಡು ಅನಿಲ ಉಂಟಾಗಿ ಒತ್ತಡಕ್ಕೆ ಹುಳಿ ರಸ ಗಾಯದಿಂದ ಸೋರುತ್ತದೆ. ಹಿಂದೆ ಕಾಂಡಕ್ಕೆ ರಂಧ್ರ ಕೊರೆದು ಕೊಳವೆ ಇಟ್ಟು ರಸ ಬಸಿಯುತ್ತಿದ್ದರು, ಈಗ ಅದು ಬೇಡ ಅಂತಾರೆ, ಹೊಸ ಗಾಯ ಮಾಡಿ ಸೋಂಕು ಇನ್ನಷ್ಟು ಹರಡಿದ ಹಾಗಾಗುತ್ತದೆ. ನಾನು ಸಡಿಲವಾದ ಕೊಳೆತ ಮರವನ್ನಷ್ಟೇ ಕೆರೆದು ತೆಗೆದೆ, ಗಟ್ಟಿ ಸಿಕ್ಕ ಕೂಡಲೇ ನಿಲ್ಲಿಸಿದೆ. ಗಾಯದ ಅಂಚನ್ನು ಮಾತ್ರ ಹರಿತವಾದ ಚಾಕುವಿನಿಂದ ಸುತ್ತಲೂ ಒಂದು ಕೂದಲೆಳೆಯಷ್ಟು ಹೊಸದಾಗಿ ಕತ್ತರಿಸಿದೆ, ಹಸಿರು ಗೆರೆ ಕಾಣುವವರೆಗೆ. ಮುಚ್ಚಿಕೊಳ್ಳುವ ಅಂಗಾಂಶ ಹುಟ್ಟುವುದು ಆ ಗೆರೆಯಿಂದಲೇ.

ಪೆಟ್ಟಿಗೆ

ಪಿಂಗಾಣಿ ಕುಂಡಕ್ಕೆ ವಾಪಸ್ ಹಾಕಲಿಲ್ಲ. ಕಾಯಿಲೆ ಮರಕ್ಕೆ ಚಂದ ಯಾಕೆ? ಸರಕು ಬಂದಿದ್ದ ಹಳೇ ಹಲಗೆ ಚೌಕಟ್ಟು ಒಡೆದು ಪೆಟ್ಟಿಗೆ ಮಾಡಿದೆ. ಒಳ ಅಳತೆ 30 ಸೆಂಟಿಮೀಟರ್ ಉದ್ದ, 22 ಅಗಲ, 9 ಆಳ. ಪಕ್ಕಕ್ಕೆ 15 ಮಿಲಿಮೀಟರ್ ದಪ್ಪದ ಹಲಗೆ, ತಳಕ್ಕೆ ಪಟ್ಟಿಗಳು, ಪಟ್ಟಿ ಪಟ್ಟಿಗಳ ನಡುವೆ 5 ಮಿಲಿಮೀಟರ್ ಸಂದು. ಮೊಳೆ ಬಡಿದರೆ ಒಣ ಹಲಗೆ ಸೀಳಿತು, ಆಮೇಲೆ ಮೊದಲು ಸಣ್ಣ ರಂಧ್ರ ಕೊರೆದು ಸ್ಕ್ರೂ ಹಾಕಿದೆ. ಕೆಳಗೆ ಎರಡು ಕಾಲುಪಟ್ಟಿ, ನೀರು ಇಳಿದು ಗಾಳಿ ಆಡಲಿ ಅಂತ. ಹಲಗೆಗೆ ಬಣ್ಣ, ವಾರ್ನಿಷ್ ಏನೂ ಬಳಿದಿಲ್ಲ. ಮೂರು ವರ್ಷ ಬಂದರೆ ಸಾಕು.

ತಳದ ಸಂದಿಗೆ ಪ್ಲಾಸ್ಟಿಕ್ ಜಾಲರಿ. ಮಣ್ಣು ಅಂತ ಹಾಕಿದ್ದು ಮಣ್ಣೇ ಅಲ್ಲ: ಎರಡು ಪಾಲು ಪ್ಯೂಮಿಸ್ ಕಲ್ಲು, ಒಂದು ಪಾಲು ಇಟ್ಟಿಗೆ ಚೂರು, ಒಂದು ಪಾಲು ಜರಡಿ ಹಿಡಿದ ತೊಗಟೆ ಗೊಬ್ಬರ. ಎಲ್ಲವನ್ನೂ 3ರಿಂದ 6 ಮಿಲಿಮೀಟರ್ ಗಾತ್ರಕ್ಕೆ ಜರಡಿ ಹಿಡಿದೆ. ಬೇಜಾರಿನ ಕೆಲಸ ಇದೇ, ಎರಡು ಗಂಟೆ ಧೂಳು ತಿಂದೆ, ಆದರೆ ಧೂಳು ಉಳಿದರೆ ಅದೇ ಮತ್ತೆ ತಳದಲ್ಲಿ ಬಿರಡೆಯಾಗಿ ಕೂರುತ್ತದೆ.

ಮರವನ್ನು ಗುಡ್ಡೆಯ ಮೇಲೆ ಕೂರಿಸಿ, 2 ಮಿಲಿಮೀಟರ್ ಅಲ್ಯೂಮಿನಿಯಂ ತಂತಿಯನ್ನು ತಳದಿಂದ ತಂದು ಬೇರುಗಳ ಮೇಲೆ ಅಡ್ಡ ಬಿಗಿದೆ. ಕುಂಡ ಎತ್ತಿ ಅಲ್ಲಾಡಿಸಿದರೂ ಮರ ಅಲುಗಬಾರದು. ಅಲುಗಿದರೆ ಹೊಸ ಬೇರಿನ ತುದಿ ಮುರಿಯುತ್ತಲೇ ಇರುತ್ತದೆ. ಬೇರಿನ ನಡುವೆ ಕಲ್ಲು ಇಳಿಯುವ ಹಾಗೆ ಚಾಪ್‌ಸ್ಟಿಕ್‌ನಿಂದ ಚುಚ್ಚಿದೆ, ಕೆಳಗಿನಿಂದ ತಿಳಿ ನೀರು ಬರುವವರೆಗೆ ನೀರು ಹಾಯಿಸಿದೆ. ಗೊಬ್ಬರ ಆರು ವಾರ ಹಾಕಲಿಲ್ಲ.

ಕತ್ತರಿಸಿದ ಬೇರುಗಳನ್ನು ಎಸೆಯಬೇಡಿ

ಇದು ಯೋಜನೆಯಲ್ಲಿ ಇರಲೇ ಇಲ್ಲ. ಆತುರದಲ್ಲಿ ಕತ್ತರಿಸಿದ ಎರಡು ಒಳ್ಳೆಯ ಬೇರು ಹೇಳಿದೆನಲ್ಲ, ಜೊತೆಗೆ ಪೆಟ್ಟಿಗೆಗೆ ಹಿಡಿಸದೆ ಕತ್ತರಿಸಿದ ಒಂದು ದಪ್ಪ ಬೇರೂ ಇತ್ತು. ಎಲ್ಮ್‌ಗಳಿಗೆ ಬೇರಿನ ತುಂಡಿನಿಂದಲೇ ಹೊಸ ಗಿಡ ಎಬ್ಬಿಸುವ ಗುಣ ಇದೆ. ಪೆನ್ಸಿಲ್ ದಪ್ಪದ, 7 ಸೆಂಟಿಮೀಟರ್ ಉದ್ದದ ಏಳು ತುಂಡು ಮಾಡಿದೆ. ಕಾಂಡದ ಕಡೆಯ ತುದಿ ಮೇಲಕ್ಕೆ ಇರಬೇಕು, ಮಣ್ಣಿನಿಂದ ಅರ್ಧ ಸೆಂಟಿಮೀಟರ್ ಹೊರಗೆ. ಯಾವ ತುದಿ ಯಾವುದು ಅಂತ ಗೊತ್ತಾಗಲು ಮೇಲಿನದನ್ನು ನೇರ, ಕೆಳಗಿನದನ್ನು ಓರೆ ಕತ್ತರಿಸುವುದು ಹಳೇ ಪದ್ಧತಿ. ನಾನು ನಾಲ್ಕಕ್ಕೆ ಹಾಗೆ ಮಾಡಿ ಮೂರಕ್ಕೆ ಮರೆತೆ. ಆ ಮೂರನ್ನು ಅದೃಷ್ಟಕ್ಕೆ ಬಿಟ್ಟೆ.

ಐದನೇ ವಾರಕ್ಕೆ ಗುರುತು ಇದ್ದ ನಾಲ್ಕರಲ್ಲಿ ಮೂರರ ಮೇಲೆ, ತೊಗಟೆಗೂ ಮರಕ್ಕೂ ನಡುವಿನ ಉಂಗುರದಿಂದ, ಗುಂಡುಸೂಜಿ ತಲೆಯಂಥ ಹಸಿರು ಚುಕ್ಕೆಗಳು. ಒಂದೊಂದರಲ್ಲಿ ಏಳೆಂಟು. ಎರಡು ಉಳಿಸಿ ಮಿಕ್ಕಿದ್ದು ಚಿವುಟಿದೆ. ಗುರುತಿಲ್ಲದ ಮೂರರಲ್ಲಿ ಒಂದೇ ಎದ್ದಿತು. ಒಟ್ಟು ನಾಲ್ಕು ಮರಿ. ದೊಡ್ಡ ಮರ ಸತ್ತರೂ ಅದೇ ಮರ ಉಳಿದಂತಾಯಿತು ಅಂತ ಒಂದು ಸಮಾಧಾನ.

ದೊಡ್ಡದು ಸಾಯಲಿಲ್ಲ. ಆರನೇ ವಾರಕ್ಕೆ ಎಡಗಡೆ ಚಿಗುರಿತು, ಎಂಟನೇ ವಾರಕ್ಕೆ ಕಾಂಡದಲ್ಲೇ, ಸತ್ತ ಕೊಂಬೆಗಳ ಬುಡದಲ್ಲಿ, ಸುಪ್ತವಾಗಿದ್ದ ಮೊಗ್ಗುಗಳು ಒಡೆದವು. ಹನ್ನೊಂದು ಎಣಿಸಿದೆ. ಬಲಗಡೆಗೆ ಬೇಕಾದ ಮೂರು ಉಳಿಸಿದೆ. ತುದಿಯಲ್ಲಿದ್ದ ಒಂದು ಕೊಂಬೆಯನ್ನು ಮಾತ್ರ ಕತ್ತರಿಸದೆ ಬೇಕಾದಷ್ಟು ಬೆಳೆಯಲು ಬಿಟ್ಟೆ. ಬೋನ್ಸಾಯ್‌ನಲ್ಲಿ ಇದನ್ನು ಬಲಿ ಕೊಂಬೆ ಅಂತಾರೆ, ಅದು ಉದ್ದ ಹೋದಷ್ಟೂ ಕೆಳಗಿನ ಕಾಂಡ ದಪ್ಪಗಾಗುತ್ತದೆ, ಗಾಯವೂ ಬೇಗ ಮುಚ್ಚುತ್ತದೆ, ಕೆಲಸ ಮುಗಿದ ಮೇಲೆ ಕಡಿದು ಬಿಸಾಕುವುದು. ಬೇಸಿಗೆ ಮುಗಿಯುವಾಗ ಅದು 70 ಸೆಂಟಿಮೀಟರ್ ದಾಟಿತ್ತು. ಮರಕ್ಕಿಂತ ಕೊಂಬೆಯೇ ಉದ್ದ. ನೋಡಿದವರೆಲ್ಲ ನಕ್ಕರು. ಆ ಕೊಂಬೆ ಮುಂದೆ ಸಾಕ್ಷಿ ಹೇಳುತ್ತದೆ ಅಂತ ನನಗೂ ಗೊತ್ತಿರಲಿಲ್ಲ.

ಎಲೆ ಸುಳ್ಳು ಹೇಳುತ್ತದೆ, ತೊಗಟೆಯೂ

ಬೇಸಿಗೆಯೆಲ್ಲ ಮರ ಹೊರಗೇ ಇತ್ತು. ಬೇಸಿಗೆಯಲ್ಲಿ ಎರಡು ಎಲ್ಮ್‌ಗೂ ಹೊರಗಿನ ಬಿಸಿಲೇ ಒಳ್ಳೆಯದು, ಅದರಲ್ಲಿ ತಕರಾರಿಲ್ಲ. ಪ್ರಶ್ನೆ ಚಳಿಗಾಲದ್ದು. ಇಷ್ಟು ದಿನ ಬೆಚ್ಚಗಿದ್ದ ಪಾರ್ವಿಫೋಲಿಯಾ ಆಗಿದ್ದರೆ ಒಮ್ಮೆಗೇ ಹಿಮಕ್ಕೆ ಬಿಡಲು ಭಯ. ಪ್ಯುಮಿಲಾ ಆಗಿದ್ದರೆ ಇನ್ನೊಂದು ಚಳಿಗಾಲ ಒಳಗಿಟ್ಟರೆ ಅದೇ ಸಾವು. ಹಾಗಾಗಿ ನಾಲ್ಕು ತಿಂಗಳಲ್ಲಿ ಹೆಸರು ಪತ್ತೆಯಾಗಬೇಕಿತ್ತು.

ಎಲೆಯಿಂದ ಶುರು ಮಾಡಿದೆ. ಹೆಚ್ಚಿನ ಎಲ್ಮ್‌ಗಳ ಎಲೆಯ ಬುಡ ಸೊಟ್ಟ, ತೊಟ್ಟಿನ ಒಂದು ಪಕ್ಕ ಮೇಲೆ ಒಂದು ಪಕ್ಕ ಕೆಳಗೆ. ಪ್ಯುಮಿಲಾದಲ್ಲಿ ಮಾತ್ರ ಬುಡ ಹೆಚ್ಚುಕಡಿಮೆ ಸಮ. ನನ್ನ ಮರದ ಇಪ್ಪತ್ತು ಎಲೆ ಕಿತ್ತು ಮೇಜಿನ ಮೇಲೆ ಹರಡಿದೆ. ಹದಿಮೂರು ಸಮ, ಏಳು ಸ್ವಲ್ಪ ಸೊಟ್ಟ. ಪಾರ್ವಿಫೋಲಿಯಾದಲ್ಲೂ ಸೊಟ್ಟತನ ಸ್ವಲ್ಪವೇ. ತೀರ್ಪು ಇಲ್ಲ. ಅಂಚಿನ ಹಲ್ಲು ನೋಡಿದೆ: ಗರಗಸದ ಹಾಗೆ ಒಂಟಿ ಹಲ್ಲು, ಹಲ್ಲಿನ ಮೇಲೆ ಹಲ್ಲು ಇಲ್ಲ. ಇದರಿಂದ ಅಮೆರಿಕನ್ ಎಲ್ಮ್ ಅಲ್ಲ ಅಂತಾಯಿತು, ಅದಕ್ಕೆ ಜೋಡಿ ಹಲ್ಲು. ಉಳಿದಿಬ್ಬರಿಗೂ ಒಂಟಿ ಹಲ್ಲೇ ಸಾಮಾನ್ಯ. ಗಾತ್ರ ನೋಡಿದರೆ ಪ್ಯುಮಿಲಾ ಎಲೆ 2ರಿಂದ 7 ಸೆಂಟಿಮೀಟರ್, ಪಾರ್ವಿಫೋಲಿಯಾ 2ರಿಂದ 5. ಬಲಿ ಕೊಂಬೆಯಲ್ಲಿ 6 ಸೆಂಟಿಮೀಟರ್ ಎಲೆ ಸಿಕ್ಕಿತು, ಖುಷಿಯಾಯಿತು, ಆಮೇಲೆ ಯೋಚಿಸಿದರೆ ಜೋರಾಗಿ ಬೆಳೆಯುವ ಕೊಂಬೆಯಲ್ಲಿ ಯಾವ ಮರದ ಎಲೆಯೂ ದೊಡ್ಡದಾಗುತ್ತದೆ. ಒಂದು ಸುಳಿವು ಮಾತ್ರ ಕೈಗೆ ಹತ್ತಿತು. ಪಾರ್ವಿಫೋಲಿಯಾ ಎಲೆ ದಪ್ಪ, ಚರ್ಮದಂತೆ, ಮೇಲೆ ಎಣ್ಣೆ ಸವರಿದ ಹೊಳಪು. ನನ್ನದು ತೆಳು, ಹೊಳಪು ಕಡಿಮೆ.

ತೊಗಟೆ? ದೊಡ್ಡ ಪಾರ್ವಿಫೋಲಿಯಾದ ತೊಗಟೆ ಚಕ್ಕೆ ಚಕ್ಕೆಯಾಗಿ ಉದುರಿ ಕೆಳಗೆ ಬೂದು, ಹಸಿರು, ಕಿತ್ತಳೆ, ಕಂದು ಬಣ್ಣದ ತೇಪೆ ಕಾಣುತ್ತದೆ. ನೋಡಲು ಬಲು ಚಂದ, ಅದಕ್ಕೇ ಇಂಗ್ಲಿಷಿನಲ್ಲಿ ಅದಕ್ಕೆ ಲೇಸ್‌ಬಾರ್ಕ್ ಎಲ್ಮ್ ಅನ್ನುವ ಹೆಸರೂ ಇದೆ. ಪ್ಯುಮಿಲಾ ತೊಗಟೆ ಉದುರುವುದಿಲ್ಲ, ಬೂದು ಬಣ್ಣದಲ್ಲಿ ಉದ್ದುದ್ದ ಬಿರುಕು ಬಿಡುತ್ತದೆ. ನನ್ನ ಮರದ ಬುಡದಲ್ಲಿ ಉದ್ದ ಬಿರುಕೇ ಇತ್ತು. ಕೇಸು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ತಿಳಿಯಿತು: ಪಾರ್ವಿಫೋಲಿಯಾದಲ್ಲೇ ಬೆಂಡಿನ ತೊಗಟೆಯ ತಳಿಗಳಿವೆ, ಬೋನ್ಸಾಯ್ ಪೇಟೆಯಲ್ಲಿ ಅವು ಸಾಮಾನ್ಯ, ಅವುಗಳ ತೊಗಟೆಯೂ ಒರಟು, ಬಿರುಕು ಬಿರುಕು. ಥತ್.

ಉಳಿದಿದ್ದು ಹೂವು. ಇಲ್ಲಿ ಇಬ್ಬರೂ ಪೂರ್ತಿ ಬೇರೆ. ಪಾರ್ವಿಫೋಲಿಯಾ ಹೂ ಬಿಡುವುದು ಬೇಸಿಗೆ ಕೊನೆಗೆ ಅಥವಾ ಎಲೆ ಉದುರುವ ಕಾಲಕ್ಕೆ, ಎಲೆ ಇನ್ನೂ ಮರದಲ್ಲಿರುವಾಗಲೇ. ಪ್ಯುಮಿಲಾ ಹೂ ಬಿಡುವುದು ಚಳಿ ಮುಗಿಯುವಾಗ, ಬೋಳು ಕೊಂಬೆಯಲ್ಲಿ, ಎಲೆಗಿಂತ ಮೊದಲು. ತೊಂದರೆ ಏನೆಂದರೆ ಬೋನ್ಸಾಯ್‌ನಲ್ಲಿ ಚಿಗುರು ಕತ್ತರಿಸುತ್ತಲೇ ಇರುವುದರಿಂದ ಎಲ್ಮ್ ಹೂ ಬಿಡುವುದೇ ಅಪರೂಪ. ಎಲೆ ಉದುರುವ ಕಾಲ ಬಂತು, ಮರದಲ್ಲಿ ಎಲ್ಲೂ ಹೂವಿಲ್ಲ. ಹೂವಿಲ್ಲ ಅನ್ನುವುದು ಪುರಾವೆ ಅಲ್ಲ. ಆದರೆ ಎಲೆ ಮಾತ್ರ ಎರಡೇ ವಾರದಲ್ಲಿ, ಒಂದೂ ಉಳಿಯದ ಹಾಗೆ ಉದುರಿತು. ಹಾಗೆಯೇ ಬಲಿ ಕೊಂಬೆಯನ್ನು ಕೈಯಲ್ಲಿ ಸವರಿದರೆ ಮೊಗ್ಗುಗಳಲ್ಲಿ ಎರಡು ಜಾತಿ ಕಂಡವು, ಚೂಪಾದ ಸಣ್ಣವು ಮತ್ತು ಗುಂಡಗೆ, ಕಪ್ಪುಗಂದು ಬಣ್ಣದ, ಮೆಣಸಿನ ಕಾಳಿನಂಥವು.

ಗುಂಡನೆಯವು ಹೂಮೊಗ್ಗು ಇರಬಹುದು ಅನ್ನುವ ಧೈರ್ಯದ ಮೇಲೆ ಮರವನ್ನು ಹೊರಗೇ ಬಿಟ್ಟೆ. ಒಂದು ಮರಿಯನ್ನು ಮಾತ್ರ ವಿಮೆ ಅಂತ ತಣ್ಣನೆಯ ಶೆಡ್ಡಿನಲ್ಲಿಟ್ಟೆ.

ಹಿಮದಲ್ಲಿ ಪೆಟ್ಟಿಗೆ

ಗಟ್ಟಿ ಮರ ಅಂದರೆ ನೆಲದಲ್ಲಿ ಗಟ್ಟಿ. ಕುಂಡದಲ್ಲಿ ಅಲ್ಲ. ಕೊಂಬೆ ತಡೆಯುವ ಚಳಿಯನ್ನು ಬೇರು ತಡೆಯುವುದಿಲ್ಲ, ನೆಲದೊಳಗೆ ಬೇರಿಗೆ ಅಷ್ಟು ಚಳಿ ತಾಗುವುದೂ ಇಲ್ಲ. 9 ಸೆಂಟಿಮೀಟರ್ ಆಳದ ಪೆಟ್ಟಿಗೆಯಲ್ಲಿ ನಾಲ್ಕೂ ಕಡೆಯಿಂದ ತಾಗುತ್ತದೆ. ಹಾಗಾಗಿ ಗೋಡೆ ಪಕ್ಕ ಗುಂಡಿ ತೋಡಿ ಪೆಟ್ಟಿಗೆಯನ್ನು ಅಂಚಿನವರೆಗೆ ಹೂತೆ, ಮೇಲೆ ಒಂದು ಗೇಣು ಒಣ ಎಲೆ ಮುಚ್ಚಿದೆ. ನೀರು ತಿಂಗಳಿಗೆ ಎರಡು ಮೂರು ಸಲ, ಹಿಮ ಕಟ್ಟದ ಮಧ್ಯಾಹ್ನ ನೋಡಿ. ಅದಕ್ಕಿಂತ ಬೇರೆ ಏನೂ ಮಾಡಲಿಲ್ಲ. ದಿನಾ ಹೋಗಿ ನೋಡಿದೆ ಅಷ್ಟೆ.

ಚಳಿ ಕೊನೆಗೆ, ಎಲೆಮೊಗ್ಗು ಇನ್ನೂ ಮುಚ್ಚಿಕೊಂಡಿರುವಾಗ, ಮೆಣಸಿನ ಕಾಳು ಒಡೆದವು. ಹೂ ಅಂದರೆ ನೀವು ಅಂದುಕೊಳ್ಳುವಂಥದ್ದಲ್ಲ, ಎಸಳು ಇಲ್ಲ, ಬಣ್ಣದ ಆಡಂಬರ ಇಲ್ಲ. ಬೋಳು ಕಡ್ಡಿಗೆ ಅಂಟಿಕೊಂಡ ಕೆಂಗಂದು ಕುಚ್ಚು, ಅದರಲ್ಲಿ ನೇರಳೆ ತುದಿಯ ಕೇಸರಗಳು. ಗಾಳಿಯಲ್ಲಿ ಪರಾಗ ಹಾರಿಸುವ ಹೂವಿಗೆ ಜೇನನ್ನು ಕರೆಯುವ ಅಲಂಕಾರ ಯಾಕೆ ಬೇಕು. ಬೆರಳಲ್ಲಿ ತಟ್ಟಿದರೆ ಧೂಳು ಎದ್ದಿತು. ಹೋದ ವರ್ಷದ ಕಡ್ಡಿಯಲ್ಲಿ, ಎಲೆಗಿಂತ ಮೊದಲು. ಉಲ್ಮಸ್ ಪ್ಯುಮಿಲಾ. ಚೀಟಿಯ ಚಿಕ್ಕ ಅಕ್ಷರವೇ ಸತ್ಯ, ದೊಡ್ಡ ಅಕ್ಷರ ಸುಳ್ಳು. ಅರ್ಧ ಗಂಟೆ ಅಲ್ಲೇ ಚಳಿಯಲ್ಲಿ ಕೂತಿದ್ದೆ ಅಂದರೆ ನಂಬಿ.

ಬೀಜ ಇನ್ನೂ ಸ್ಪಷ್ಟ ಮಾಡಿತು. ಕೆಲವೇ ವಾರದಲ್ಲಿ ಕಡ್ಡಿ ತುಂಬಾ ತಿಳಿಹಸಿರು ಬಿಲ್ಲೆಗಳು, ಆಮೇಲೆ ಒಣಗಿ ಕಾಗದದಂತಾದವು. ಒಂದೂವರೆ ಸೆಂಟಿಮೀಟರ್ ಗುಂಡು, ತುದಿಯಲ್ಲಿ ಸಣ್ಣ ಸೀಳು, ಬೀಜ ಹೆಚ್ಚುಕಡಿಮೆ ನಟ್ಟನಡುವೆ. ತಪಸಿ ಮರದ ಬೀಜ ನೋಡಿದವರಿಗೆ ತಕ್ಷಣ ಅದರ ನೆನಪಾಗುತ್ತದೆ. ಅದೇನೂ ಆಕಸ್ಮಿಕ ಅಲ್ಲ, ತಪಸಿ, ಅಂದರೆ ಹೊಲೊಪ್ಟೆಲಿಯಾ ಇಂಟಿಗ್ರಿಫೋಲಿಯಾ, ಇದೇ ಕುಟುಂಬದ ಮರ, ಅದಕ್ಕೆ ಇಂಡಿಯನ್ ಎಲ್ಮ್ ಅಂತ ಹೆಸರೇ ಇದೆ. ಇನ್ನು ಝೆಲ್ಕೋವಾ ಇರಬಹುದೇನೋ ಅನ್ನುವ ಕೊನೆಯ ಅನುಮಾನವೂ ಇಲ್ಲಿಗೆ ಮುಗಿಯಿತು. ಅದರ ಕಾಯಿಗೆ ರೆಕ್ಕೆಯೇ ಇಲ್ಲ.

ಉದುರಿದ ದಿನವೇ ಇಪ್ಪತ್ತು ಬೀಜ ಒದ್ದೆ ಮಣ್ಣಿನ ಮೇಲೆ ಹರಡಿದೆ. ಅದರಲ್ಲಿ ಒಂಬತ್ತು ಬೀಜ ಒಂದೇ ವಾರದೊಳಗೆ ಮೊಳೆತವು, ಚಳಿಯ ಉಪಚಾರ ಏನೂ ಬೇಡ. ಇನ್ನಿಪ್ಪತ್ತನ್ನು ಡಬ್ಬಿಯಲ್ಲಿ ಹಾಕಿ ಕಪಾಟಿನಲ್ಲಿಟ್ಟು ಬೇಸಿಗೆ ಮುಗಿದ ಮೇಲೆ ಬಿತ್ತಿದೆ, ಒಂದೂ ಏಳಲಿಲ್ಲ. ಎಲ್ಮ್ ಬೀಜಕ್ಕೆ ಆಯಸ್ಸು ಕಡಿಮೆ. ಮಿಕ್ಕ ಬೀಜವನ್ನೆಲ್ಲ ಗುಡಿಸಿ ಮೂಟೆ ಕಟ್ಟಿ ಕಸಕ್ಕೆ ಹಾಕಿದೆ, ಇದನ್ನು ಒತ್ತಿ ಹೇಳುತ್ತೇನೆ. ಅಷ್ಟು ಸುಲಭವಾಗಿ ಮೊಳೆಯುವುದರಿಂದಲೇ ಅಮೆರಿಕದ ಎಷ್ಟೋ ಕಡೆ ಇದು ಕಳೆ ಮರವಾಗಿ ಹಬ್ಬಿದೆ, ಗಾಳಿ ತಡೆಯಲು ನೆಟ್ಟಿದ್ದು ಗಾಳಿಯಲ್ಲೇ ಹಾರಿಹೋಯಿತು.

ಹೊಗಳಿಕೆ ಜಾಸ್ತಿಯಾಯಿತು ಅನ್ನಿಸಿದರೆ ಇದರ ಕೆಟ್ಟ ಗುಣವನ್ನೂ ಕೇಳಿ. ಬೇಗ ಬೆಳೆಯುವ ಮರ, ಹಾಗಾಗಿ ಕೊಂಬೆ ಪೆಡಸು, ಗಾಳಿಗೆ, ಹಿಮದ ಭಾರಕ್ಕೆ ಮುರಿಯುತ್ತದೆ. ನಾನೂ ಒಂದು ಮುರಿದೆ, ತಂತಿ ಸುತ್ತಿ ಬಗ್ಗಿಸುವಾಗ ಟಪ್ ಅಂತು. ಹೆಬ್ಬೆರಳು ದಪ್ಪವಾದ ಮೇಲೆ ಬಗ್ಗಿಸಲು ಹೋಗಬೇಡಿ, ಎಳೆಯದರಲ್ಲೇ ಬಗ್ಗಿಸಿ. ಎಲ್ಮ್ ಎಲೆ ತಿನ್ನುವ ಜೀರುಂಡೆಗೂ ಇದು ಅಚ್ಚುಮೆಚ್ಚು, ಎಲೆಯನ್ನು ಜಾಲರಿ ಮಾಡಿಬಿಡುತ್ತದೆ. ಒಂದು ದೊಡ್ಡ ಗುಣ ಮಾತ್ರ ಒಪ್ಪಲೇಬೇಕು. ಯುರೋಪ್ ಮತ್ತು ಉತ್ತರ ಅಮೆರಿಕದ ಎಲ್ಮ್‌ಗಳನ್ನು ಲಕ್ಷಗಟ್ಟಲೆ ಕೊಂದ ಡಚ್ ಎಲ್ಮ್ ರೋಗವನ್ನು ಇದು, ಪಾರ್ವಿಫೋಲಿಯಾ ಕೂಡ, ಚೆನ್ನಾಗಿ ತಡೆಯುತ್ತದೆ. ತೊಗಟೆ ಕೊರೆಯುವ ಜೀರುಂಡೆ ಹೊತ್ತು ತರುವ ಶಿಲೀಂಧ್ರ ಅದು. ಡಚ್ ಅನ್ನುವ ಹೆಸರು ಬಂದಿದ್ದು ರೋಗ ಡಚ್ಚರ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ್ದಕ್ಕಲ್ಲ, 1920ರ ದಶಕದಲ್ಲಿ ಅದರ ಕಾರಣ ಪತ್ತೆ ಮಾಡಿದ ವಿಜ್ಞಾನಿಗಳು ಅಲ್ಲಿಯವರು ಅಂತ. ಹೆಸರಿನ ತಂಟೆ ಎಲ್ಮ್‌ಗಳಿಗೆ ಮೊದಲಿನಿಂದಲೂ ಇದ್ದದ್ದೇ.

ಈಗ

ಬಲಿ ಕೊಂಬೆಯನ್ನು ಬೀಜ ಉದುರಿದ ಮೇಲೆ ಕಡಿದೆ. ಬುಡ 4ರಿಂದ 5.1 ಸೆಂಟಿಮೀಟರ್‌ಗೆ ಬಂದಿದೆ. ಬಲಗಡೆಯ ಮೂರು ಹೊಸ ಕೊಂಬೆಗಳಲ್ಲಿ ಎರಡಕ್ಕೆ ತಂತಿ ಸುತ್ತಿದ್ದೇನೆ. ಎಲ್ಮ್ ಬೇಗ ಉಬ್ಬುತ್ತದೆ, ಐದು ವಾರಕ್ಕೇ ತಂತಿ ತೊಗಟೆಯೊಳಗೆ ಇಳಿಯಲು ಶುರುವಾಗಿತ್ತು, ಬಿಚ್ಚಿ ಮತ್ತೆ ಸುತ್ತಿದೆ. ಮೂರನೆಯದೇ ಟಪ್ ಅಂದಿದ್ದು.

ಶೆಡ್ಡಿನ ಮರಿ, ಹಿಮದಲ್ಲಿದ್ದ ಮರಿಗಳು, ಎಲ್ಲ ಒಂದೇ ಸಮ ಚಿಗುರಿದವು, ವಿಮೆ ದಂಡ. ಅದರಲ್ಲೊಂದನ್ನು ಗೆಳೆಯನಿಗೆ ಕೊಟ್ಟೆ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದೆ, ಶಾಯಿ ಒಂದೇ ಬೇಸಿಗೆಗೆ ಮಾಸುತ್ತದೆ: ‘ಉಲ್ಮಸ್ ಪ್ಯುಮಿಲಾ. ಹೊರಗಿಡು’. ವಾರ ಬಿಟ್ಟು ಹೋಗಿ ನೋಡಿದರೆ ಅವನ ಕಂಪ್ಯೂಟರ್ ಪಕ್ಕ ಕೂತಿತ್ತು. ಬೈದು ಹೊರಗಿಡಿಸಿ ಬಂದಿದ್ದೇನೆ.

ಹಿಂಭಾಗದ ಗಾಯ ಮಾತ್ರ ಇನ್ನೂ ಮುಚ್ಚಿಲ್ಲ. ಸುತ್ತಲಿನ ಅಂಚು ತುಟಿಯ ಹಾಗೆ ಉಬ್ಬಿ ಎರಡೂ ಕಡೆಯಿಂದ ಒಂದೊಂದು 3 ಮಿಲಿಮೀಟರ್ ಒಳಕ್ಕೆ ಬಂದಿದೆ, ನಡುವೆ ಇನ್ನೂ 8 ಮಿಲಿಮೀಟರ್ ಬಾಕಿ. ಬಿಳಿ ರಸ ಈ ವರ್ಷ ಎರಡು ಸಲ ಸೋರಿತು, ಹೋದ ವರ್ಷ ಲೆಕ್ಕ ಇಟ್ಟಿಲ್ಲ. ಮುಂದಿನ ಚಳಿಗಾಲದ ಕೊನೆಗೆ ಪೆಟ್ಟಿಗೆಯಿಂದ ಎತ್ತಿ ಬಲಗಡೆಯ ಬೇರು ಎಷ್ಟು ಬಂದಿದೆ ನೋಡಬೇಕು. ಪಿಂಗಾಣಿ ಕುಂಡದ ತಳಕ್ಕೆ ಅಷ್ಟರೊಳಗೆ ಇನ್ನೆರಡು ತೂತು ಕೊರೆಯುವುದಿದೆ. ಅದಕ್ಕೆ ತಕ್ಕ ವಜ್ರದ ಬಿಟ್ ತಂದಿಟ್ಟು ಎರಡು ತಿಂಗಳಾಯಿತು, ಒಡೆದುಹೋದರೆ ಅಂತ ಕೈ ಹಾಕಲು ಇನ್ನೂ ಧೈರ್ಯ ಬಂದಿಲ್ಲ.